ಮಡಿಸಿದ ಚೀಟಿ

ಕಾಮವನ್ನು ಕುರಿತು ಬರೆಯಲು ಕನ್ನಡಿಗರು ಎಂದೂ ಹಿಂಜರಿದವರಲ್ಲ. 11ನೆಯ ಶತಮಾನದಲ್ಲಿಯೇ ಚಂದ್ರರಾಜನು ‘ಮದನತಿಲಕ’ವೆಂಬ ಕಾಮಶಾಸ್ತ್ರಗ್ರಂಥವನ್ನು ಕನ್ನಡದಲ್ಲಿ ರಚಿಸಿದನು, 15ನೆಯ ಶತಮಾನದಲ್ಲಿ ಕಲ್ಲರಸನು ‘ಜನವಶ್ಯ’ವನ್ನು ಬರೆದನು. ನಮ್ಮ ಚಂಪೂಕವಿಗಳಿಗೆ ಸುರತವೆಂಬುದು ಅಷ್ಟಾದಶ ವರ್ಣನೆಗಳಲ್ಲಿ ಒಂದು. ಅದನ್ನು ಬಿಟ್ಟರೆ ಕಾವ್ಯಕ್ಕೆ ಕುಂದು. ವೈದ್ಯರಾದರೋ ಇನ್ನೂ ಹಿಂದೆಯೇ ಈ ಮಾತನ್ನು ಕೈಗೆತ್ತಿಕೊಂಡಿದ್ದರು: ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಜ್ವರಕ್ಕಿಂತಲೂ ಮೊದಲು, ಎರಡನೆಯ ಅಧ್ಯಾಯದಲ್ಲಿಯೇ, ವಾಜೀಕರಣದ ವಿಚಾರ ಬರುತ್ತದೆ. ಇಷ್ಟಿದ್ದೂ, ಪುರುಷನ ಅಂಗವು ಬೇಕಾದ ವೇಳೆಗೆ ನಿಮಿರದೆ ಹೋಗುವುದೆಂಬ ಅತಿ ಸಾಮಾನ್ಯವಾದ ತೊಂದರೆಯನ್ನು ನಮ್ಮ ಗಂಡಸರು ಹೆಂಡತಿಗೆ ಹೇಳರು, ಸ್ನೇಹಿತನಿಗೆ ಹೇಳರು, ವೈದ್ಯನಿಗಂತೂ ಹೇಳರು. ಶಕ್ತಿಯನ್ನು ಹಾಡಿದವರು ಹೇರಳವಾಗಿದ್ದಾರೆ; ಅಶಕ್ತಿಯನ್ನು ಹೇಳಿಕೊಂಡವರು ವಿರಳ.

ನಾನು ವೈದ್ಯನಲ್ಲ. ಶಿವಮೊಗ್ಗೆಯಲ್ಲಿ 1988ರಿಂದ ಔಷಧದ ಅಂಗಡಿಯನ್ನು ನಡಸಿ, 2021ರಲ್ಲಿ ಅದನ್ನು ಮಗನ ಕೈಗೊಪ್ಪಿಸಿದವನು. ಆದರೆ ಈ 33 ವರ್ಷಗಳಲ್ಲಿ ವೈದ್ಯರು ಕೇಳದ ಅನೇಕ ಮಾತುಗಳನ್ನು, ಕೇಳಿದೆನೆನ್ನುವುದಕ್ಕಿಂತ, ಓದಿದ್ದೇನೆ. ಓದಿದೆನೆಂದು ಏಕೆ ಹೇಳಿದೆನೆಂದರೆ, ಈ ತೊಂದರೆಯವರು ಬಾಯಿಬಿಟ್ಟು ಕೇಳುವವರಲ್ಲ. ಅಂಗಡಿಯ ಮೆಟ್ಟಿಲ ಕೆಳಗೆ ನಿಂತು, ಇದ್ದ ಗಿರಾಕಿಗಳೆಲ್ಲ ಹೋಗಲೆಂದು ಕಾಯುವರು. ನಡುವೆ ಹೆಂಗಸೊಬ್ಬಳು ಬಂದರೆ ಒಂದು ಪಟ್ಟಿ ತಲೆನೋವಿನ ಮಾತ್ರೆಯನ್ನು ಕೊಂಡು ಹೊರಟುಹೋಗಿ, ಮತ್ತೆ ಕಾಲುಗಂಟೆಯ ಮೇಲೆ ಬರುವರು. ಕಟ್ಟಕಡೆಗೆ ನಾಲ್ಕಾಗಿ ಮಡಿಸಿದ ಒಂದು ಚೀಟಿ ಗಾಜಿನ ಮೇಲೆ ಜಾರಿ ನನ್ನ ಕಡೆಗೆ ಬರುವುದು. “ನನಗಲ್ಲ, ಸ್ನೇಹಿತರೊಬ್ಬರಿಗೆ” ಎಂಬ ಮಾತೂ ಅದರ ಜೊತೆಗೆ ಬರುವುದು. ಈ ಜಿಲ್ಲೆಯಲ್ಲಿ ಸ್ನೇಹಕ್ಕೆ ಕೊರತೆಯಿಲ್ಲವೆಂಬುದನ್ನು ನಾನು ಪ್ರಮಾಣಮಾಡಿ ಹೇಳಬಲ್ಲೆ. ಭದ್ರಾವತಿಯವರು ಚೀಟಿ ತೆಗೆದುಕೊಂಡು ಶಿವಮೊಗ್ಗೆಗೆ ಬರುತ್ತಿದ್ದರು; ಶಿವಮೊಗ್ಗೆಯವರು ದಾವಣಗೆರೆಗೆ ಹೋಗುತ್ತಿದ್ದರೆಂದು ಅಲ್ಲಿನ ವ್ಯಾಪಾರಿಗಳು ಹೇಳುತ್ತಿದ್ದರು.

ಈ ನಾಚಿಕೆಯ ಅರ್ಧಭಾಗ ನಮ್ಮ ಮಾತಿನಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ‘ಷಂಡ’, ‘ನಪುಂಸಕ’ ಎಂಬುವು ರೋಗದ ಹೆಸರುಗಳಲ್ಲ, ಬೈಗುಳಗಳು; ಗ್ರಾಮಪಂಚಾಯಿತಿಯ ಜಗಳದಲ್ಲಿ ರಸ್ತೆ ಹಾಕಿಸದವನನ್ನೂ ಜನ ಅದೇ ಮಾತಿನಿಂದ ಕರೆಯುತ್ತಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯಸಂಸ್ಥೆಯು 1992ರಲ್ಲಿ ಕರೆದಿದ್ದ ತಜ್ಞರ ಸಭೆಯೊಂದು ಇದೇ ಕಾರಣದಿಂದ ‘ಇಂಪೊಟೆನ್ಸ್’ ಎಂಬ ಹಳೆಯ ಪದವನ್ನು ಬಿಟ್ಟು ‘ಎರೆಕ್ಟೈಲ್ ಡಿಸ್‌ಫಂಕ್ಷನ್’ ಎಂಬುದನ್ನು ಹಿಡಿಯಬೇಕೆಂದು ಹೇಳಿತು. ನಿಮಿರುವಿಕೆಯ ತೊಂದರೆಯೆಂದು ನಾವು ಸುಮ್ಮನೆ ಹೇಳಬಹುದು. ಅದು ಆಸೆಯಿಲ್ಲದಿರುವುದಲ್ಲ, ಮಕ್ಕಳಾಗದಿರುವ ದೋಷವೂ ಅಲ್ಲ, ಇವು ಮೂರೂ ಬೇರೆ ಬೇರೆ. ಒಂದೆರಡು ದಿನ ಆಯಾಸದಿಂದಲೋ ಕುಡಿತದಿಂದಲೋ ಆಗುವ ಸೋಲನ್ನೂ ವೈದ್ಯರು ಈ ಹೆಸರಿನಿಂದ ಕರೆಯುವುದಿಲ್ಲ. ತಿಂಗಳುಗಟ್ಟಲೆ ಹಾಗೆಯೇ ನಡೆದರೆ ಮಾತ್ರ ಅದು ತೊಂದರೆ.

ಅಂಗವು ನಿಮಿರುವುದಾದರೂ ಹೇಗೆ? ನಾಯಿಗೂ ಅನೇಕ ಜಾತಿಯ ಕೋತಿಗಳಿಗೂ ಆ ಭಾಗದಲ್ಲಿ ಸಣ್ಣದೊಂದು ಎಲುಬು ಇರುತ್ತದೆ, ಮನುಷ್ಯನಿಗೆ ಅದಿಲ್ಲ. ಅವನದು ಕೇವಲ ರಕ್ತದ ಕೆಲಸ. ಭದ್ರಾ ನಾಲೆಯ ಕೆಳಗೆ ಗದ್ದೆ ಮಾಡುವವರಿಗೆ ಇದನ್ನು ತಿಳಿಸುವುದು ಸುಲಭ. ಶಿಶ್ನದ ಒಳಗೆ ಉದ್ದಕ್ಕೂ ಸ್ಪಂಜಿನಂತಹ ಎರಡು ಕೊಳವೆಗಳಿವೆ. ಅವೇ ಗದ್ದೆಗಳೆಂದು ತಿಳಿಯೋಣ. ಅವಕ್ಕೆ ನೀರು ತರುವ ತೂಬು, ಅಂದರೆ ಧಮನಿಯ ಗೋಡೆಯ ಸ್ನಾಯು, ಹಗಲೆಲ್ಲ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಮನಸ್ಸಿನಲ್ಲಿ ಬಯಕೆ ಹುಟ್ಟಿದಾಗ, ಅಥವಾ ಸ್ಪರ್ಶವಾದಾಗ, ಬೆನ್ನುಹುರಿಯ ಕೆಳತುದಿಯಿಂದ ಹೊರಟ ನರಗಳು ಅಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಕ್ಷಣಮಾತ್ರ ಬಿಡುತ್ತವೆ. ಒಡನೆಯೇ ಸ್ನಾಯು ಸಡಿಲವಾಗುತ್ತದೆ, ತೂಬು ತೆರೆಯುತ್ತದೆ, ರಕ್ತ ನುಗ್ಗುತ್ತದೆ. ಕೊಳವೆಗಳು ತುಂಬಿ ಹಿಗ್ಗಿದಾಗ ಸುತ್ತಲಿನ ಗಟ್ಟಿ ಪೊರೆಗೆ ಒತ್ತಿಕೊಂಡು, ರಕ್ತವನ್ನು ಹೊರಗೊಯ್ಯುವ ಸಿರೆಗಳನ್ನು ಅಮುಕಿಬಿಡುತ್ತವೆ. ಗದ್ದೆಯ ಮಡೆ ತಾನಾಗಿ ಕಟ್ಟಿಕೊಳ್ಳುತ್ತದೆ. ಇಲ್ಲಿ ಗಮನಿಸತಕ್ಕ ಮಾತೊಂದುಂಟು. ಈ ಕಾರ್ಯವೆಲ್ಲ ಆಗುವುದು ಬಿಗಿಯುವುದರಿಂದಲ್ಲ, ಸಡಿಲಗೊಳ್ಳುವುದರಿಂದ. ಹಟಹಿಡಿದು ಸಾಧಿಸುವುದೇ ಗಂಡಸುತನವೆಂದು ನಂಬಿದವನಿಗೆ ಇದು ವಿಚಿತ್ರವೆನಿಸೀತು. ಆದರೆ ಭಯವಾದಾಗ ದೇಹದಲ್ಲಿ ಹುಟ್ಟುವ ಅಡ್ರಿನಲಿನ್ ಎಂಬ ದ್ರವ್ಯವು ಈ ತೂಬನ್ನು ಮತ್ತೆ ಮುಚ್ಚಿಸುತ್ತದೆ. ಹುಲಿ ಬಂದಾಗ ಓಡಬೇಕೇ ಹೊರತು ಬೇರೆ ಯೋಚನೆ ಬರಬಾರದೆಂಬುದು ಪ್ರಕೃತಿಯ ಏರ್ಪಾಡು. ‘ಇಂದು ಆಗುವುದೋ ಇಲ್ಲವೋ’ ಎಂಬ ಭಯವೂ ದೇಹಕ್ಕೆ ಹುಲಿಯೇ.

ಮದುವೆಯಾಗಿ ಹದಿನೈದು ದಿನವಾಗಿದ್ದ ಹುಡುಗನೊಬ್ಬ ಹೀಗೆ ಚೀಟಿ ತಂದಿದ್ದನು. ಮಾತ್ರೆ ಕೊಡದೆ ನನಗೆ ಪರಿಚಿತರಾಗಿದ್ದ ವೈದ್ಯರಲ್ಲಿಗೆ ಕಳುಹಿಸಿದೆನು. ಅವರು ಮೊದಲು ಕೇಳಿದ್ದು, ಬೆಳಗಿನ ಜಾವದಲ್ಲಿ ಎಚ್ಚರವಾದಾಗ ಅಂಗ ನಿಮಿರಿರುತ್ತದೆಯೇ ಎಂದು. ಆರೋಗ್ಯವಂತನಿಗೆ ರಾತ್ರಿ ಮೂರರಿಂದ ಐದು ಸಲ, ಕನಸು ಕಾಣುವ ನಿದ್ರೆಯ ವೇಳೆಯಲ್ಲಿ, ಅವನಿಗೆ ತಿಳಿಯದೆಯೇ ಹಾಗಾಗುತ್ತದೆ. 1980ರ ಸುಮಾರಿಗೆ ಇದನ್ನು ಪರೀಕ್ಷಿಸಲು ವೈದ್ಯರು ಅಂಚೆಚೀಟಿಗಳ ಒಂದು ಪಟ್ಟಿಯನ್ನು ರಾತ್ರಿ ಸುತ್ತಲೂ ಅಂಟಿಸಿ, ಬೆಳಿಗ್ಗೆ ಅದು ಹರಿದಿದೆಯೇ ಎಂದು ನೋಡಲು ಹೇಳುತ್ತಿದ್ದರು. ಅಂಚೆಯ ಇಲಾಖೆಗೆ ಈ ಉಪಯೋಗ ಹೊಳೆದಿರಲಾರದು. ಈಗ ಆ ಪದ್ಧತಿಯನ್ನು ಹೆಚ್ಚಾಗಿ ನೆಚ್ಚುವುದಿಲ್ಲ. ಆದರೆ ಪ್ರಶ್ನೆಯ ಅರ್ಥ ಉಳಿದಿದೆ: ಬೆಳಗಿನ ವೇಳೆ ಎಲ್ಲವೂ ಸರಿಯಾಗಿದ್ದರೆ ನಾಳಗಳೂ ನರಗಳೂ ಬಹುಮಟ್ಟಿಗೆ ಸರಿಯಾಗಿವೆ, ಕಳ್ಳನು ಮನಸ್ಸಿನಲ್ಲಿದ್ದಾನೆ ಎಂದು. ಆ ಹುಡುಗನದು ಅದೇ ಬಗೆ. ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬಿಬ್ಬರು ಅಮೆರಿಕದ ಸಂಶೋಧಕರು 1970ರಲ್ಲಿ ಪ್ರಕಟಿಸಿದ ಒಂದು ಕ್ರಮವುಂಟು. ಕೆಲವು ವಾರ ಸಂಭೋಗವನ್ನೇ ನಿಷೇಧಿಸಿ, ಗಂಡಹೆಂಡಿರು ಒಬ್ಬರನ್ನೊಬ್ಬರು ಮುಟ್ಟುವುದು, ಮಾತನಾಡುವುದು ಇಷ್ಟಕ್ಕೇ ನಿಲ್ಲಬೇಕು. ಪರೀಕ್ಷೆಯೇ ಇಲ್ಲವೆಂದಾಗ ನಪಾಸಾಗುವ ಭಯವೆಲ್ಲಿ? ವೈದ್ಯರು ಇಬ್ಬರನ್ನೂ ಕೂರಿಸಿಕೊಂಡು ಇದನ್ನೇ ಹೇಳಿದರಂತೆ. ಒಂದೂವರೆ ವರ್ಷದ ಮೇಲೆ ಆ ಹುಡುಗ ಗ್ರೈಪ್ ವಾಟರ್ ಕೊಳ್ಳಲು ಬಂದನು. ಅಂದು ಚೀಟಿಯಿರಲಿಲ್ಲ; ರಸ್ತೆಗೆ ಕೇಳುವಂತೆ ಗಟ್ಟಿಯಾಗಿಯೇ ಕೇಳಿದನು.

ಹುಡುಗರ ಭಯಕ್ಕೆ ನಮ್ಮಲ್ಲಿ ಇನ್ನೊಂದು ಮೂಲವೂ ಇದೆ. ವೀರ್ಯವು ರಕ್ತದ ಸಾರ, ಅದು ಕಳೆದರೆ ಆಯುಸ್ಸೇ ಕಳೆಯಿತು ಎಂಬ ನಂಬಿಕೆ. ಡಾಕ್ಟರ್ ಎನ್. ಎನ್. ವಿಗ್ ಎಂಬ ಮನೋವೈದ್ಯರು ಈ ಕೊರಗಿಗೆ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಸ್ವಪ್ನಸ್ಖಲನದಿಂದಲೋ ಹಸ್ತಮೈಥುನದಿಂದಲೋ ನಿಮಿರುವ ಶಕ್ತಿ ಬತ್ತುವುದಿಲ್ಲ. ಬತ್ತುವುದೆಂಬ ಹೆದರಿಕೆ ಮಾತ್ರ ಅದನ್ನು ಕುಂದಿಸಬಲ್ಲದು.

ನಲವತ್ತು ದಾಟಿದವರ ಕಥೆ ಬೇರೆ. 1980ರ ವರೆಗೆ ವೈದ್ಯರಲ್ಲಿಯೇ ಅನೇಕರು ಈ ತೊಂದರೆ ಬಹುಪಾಲು ಮನಸ್ಸಿನದೆಂದು ನಂಬಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದ ಸಂಗತಿಗಳಲ್ಲೊಂದು, ಅಮೆರಿಕದ ಲಾಸ್ ವೇಗಾಸ್ ನಗರದಲ್ಲಿ 1983ರಲ್ಲಿ ನಡೆದದ್ದು. ಗೈಲ್ಸ್ ಬ್ರಿಂಡ್ಲಿ ಎಂಬ ಐವತ್ತು ದಾಟಿದ ಆಂಗ್ಲ ವಿಜ್ಞಾನಿಯು ವೈದ್ಯರ ಸಭೆಯಲ್ಲಿ ಉಪನ್ಯಾಸ ಮಾಡುವ ಮುನ್ನ, ನಾಳಗಳನ್ನು ಸಡಿಲಿಸುವ ಔಷಧವೊಂದನ್ನು ತನ್ನ ಅಂಗಕ್ಕೆ ತಾನೇ ಚುಚ್ಚಿಕೊಂಡು ಬಂದು, ಅದರ ಫಲವನ್ನು ಸಭಿಕರೆದುರಿಗೇ ಪ್ರದರ್ಶಿಸಿದನು. ಉಪನ್ಯಾಸ ಮಾಡುವುದರಲ್ಲಿ ಕಾಮೋದ್ರೇಕಕ್ಕೆ ಕಾರಣವೇನೂ ಇಲ್ಲವಷ್ಟೆ. ನಮ್ಮ ಸಂಘದ ಸದಸ್ಯರೂ ಒಪ್ಪುವರು. ಮನಸ್ಸಿನ ಹಂಗಿಲ್ಲದೆ, ನಾಳವೊಂದು ಸಡಿಲಿದರೆ ಸಾಕೆಂದು ಆಗ ಎಲ್ಲರಿಗೂ ಕಣ್ಣಾರೆ ಕಂಡಿತು. ಮುಂದೆ ಇಂಗ್ಲೆಂಡಿನ ಸ್ಯಾಂಡ್‌ವಿಚ್ ಊರಿನಲ್ಲಿ ಫೈಜರ್ ಕಂಪನಿಯವರು ಎದೆನೋವಿಗೆಂದು ಪರೀಕ್ಷಿಸುತ್ತಿದ್ದ ಸಿಲ್ಡೆನಫಿಲ್ ಎಂಬ ಮದ್ದು ಎದೆನೋವಿಗೆ ಅಷ್ಟಾಗಿ ನಾಟದೆ, ಬೇರೊಂದು ಕಡೆ ಫಲ ತೋರಿತು. ಅಮೆರಿಕದ ಸರಕಾರ 1998ರ ಮಾರ್ಚಿಯಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ನೈಟ್ರಿಕ್ ಆಕ್ಸೈಡಿನ ಕೆಲಸವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರಿಗೆ ನೊಬೆಲ್ ಬಹುಮಾನ ಬಂದದ್ದೂ ಅದೇ ವರ್ಷ. ಈ ಶತಮಾನದ ಮೊದಲ ವರ್ಷಗಳಲ್ಲಿ ನಮ್ಮ ದೇಶದ ಕಂಪನಿಗಳೇ ಆ ಮಾತ್ರೆಯನ್ನು ಮಾಡತೊಡಗಿದವು. ನನ್ನ ಅಂಗಡಿಯ ಚೀಟಿಗಳೂ ಆಗಿನಿಂದ ಹೆಚ್ಚಿದವು.

ನಾನು ಬರೆಯಬೇಕೆಂದು ಹೊರಟ ಮುಖ್ಯಾಂಶ ಇನ್ನು ಮುಂದಿನದು. ಹೃದಯಕ್ಕೆ ರಕ್ತ ಕೊಡುವ ಧಮನಿಗಳ ಅಗಲ 3ರಿಂದ 4 ಮಿಲಿಮೀಟರು. ಶಿಶ್ನದ ಧಮನಿಗಳದು 1ರಿಂದ 2. ಕೊಬ್ಬು ಕಟ್ಟುವ ರೋಗ ದೇಹದ ಎಲ್ಲ ನಾಳಗಳಿಗೂ ಒಟ್ಟಿಗೇ ಹಿಡಿಯುತ್ತದೆ. ಕಿರಿಯ ಕಾಲುವೆಯಲ್ಲಿ ಮೊದಲು ಹೂಳು ತುಂಬುವುದು ಸಹಜವಲ್ಲವೇ? ಆದುದರಿಂದ ಎದೆನೋವು ಕಾಣಿಸುವುದಕ್ಕೆ ಎರಡು ಮೂರು ವರ್ಷ ಮೊದಲೇ, ಕೆಲವರಲ್ಲಿ ಇನ್ನೂ ಮುಂಚೆ, ಇಲ್ಲಿ ಸೂಚನೆ ದೊರೆಯುತ್ತದೆ. ತೀರ್ಥಹಳ್ಳಿಯ ಕಡೆಯ ಅಡಿಕೆ ಬೆಳೆಗಾರರೊಬ್ಬರು, ಐವತ್ತೆರಡು ವಯಸ್ಸಿನವರು, ದಿನಕ್ಕೆ ಎರಡು ಪ್ಯಾಕು ಸಿಗರೇಟು ಸೇದುವವರು, ಚೀಟಿಯೊಡನೆ ಬಂದಾಗ ನಾನು, “ಮಾತ್ರೆ ಎಲ್ಲಿಗೂ ಹೋಗುವುದಿಲ್ಲ, ಮೊದಲು ಎದೆ ತೋರಿಸಿಕೊಂಡು ಬನ್ನಿ” ಎಂದೆನು. “ನನಗೆ ಎದೆಯಲ್ಲಿ ಏನೂ ಇಲ್ಲ ಮಾರಾಯರೆ, ತೊಂದರೆ ಇರುವುದು ಕೆಳಗೆ” ಎಂದು ಅವರು ಸಿಟ್ಟಾದರು. ಹೇಗೋ ಹೋದರು. ಮೂರು ನಾಳಗಳು ಕಟ್ಟಿದ್ದವೆಂದು ತಿಳಿಯಿತು, ಶಸ್ತ್ರಚಿಕಿತ್ಸೆಯಾಯಿತು. ಈಗಲೂ ಅಂಗಡಿಗೆ ಬಂದು ಅಡಿಕೆಯ ಧಾರಣೆಯನ್ನು ಬೈದು ಹೋಗುತ್ತಾರೆ.

ಇನ್ನೊಬ್ಬರಿಗೆ ನಾನು ಮಾತ್ರೆಯನ್ನು ಕೊಡಲೇ ಇಲ್ಲ. ಅವರು ಎದೆನೋವು ಬಂದಾಗ ನಾಲಗೆಯ ಕೆಳಗಿಡುವ ನೈಟ್ರೇಟ್ ಮಾತ್ರೆಯನ್ನು ನಮ್ಮಲ್ಲಿಯೇ ಕೊಳ್ಳುತ್ತಿದ್ದವರು. ಆ ಮಾತ್ರೆ ಕೆಲಸ ಮಾಡುವುದೂ ಇದೇ ನೈಟ್ರಿಕ್ ಆಕ್ಸೈಡಿನ ಮೂಲಕ. ಎರಡೂ ಒಂದೇ ದೇಹದಲ್ಲಿ ಸೇರಿದರೆ ರಕ್ತದ ಒತ್ತಡ ಪಾತಾಳಕ್ಕಿಳಿದು ಪ್ರಾಣವೇ ಹೋಗಬಹುದು. ಸಿಲ್ಡೆನಫಿಲ್ ನುಂಗಿದವನಿಗೆ 24 ಗಂಟೆ, ಅದರ ತಮ್ಮನಾದ ಟಡಲಾಫಿಲ್ ನುಂಗಿದವನಿಗೆ 48 ಗಂಟೆ ನೈಟ್ರೇಟ್ ಕೊಡಬಾರದು. ಅಕಸ್ಮಾತ್ ಎದೆನೋವು ಬಂದರೆ ಆಸ್ಪತ್ರೆಯಲ್ಲಿ ‘ಈ ಮಾತ್ರೆ ತೆಗೆದುಕೊಂಡಿದ್ದೇನೆ’ ಎಂದು ನಾಚಿಕೆ ಬಿಟ್ಟು ಹೇಳಲೇಬೇಕು. ವೈದ್ಯರ ಬರಹವಿಲ್ಲದೆ ಇವನ್ನು ಮಾರಕೂಡದೆಂಬ ಕಾನೂನು ಬರಿಯ ಕಾಗದದ ಕಟ್ಟಳೆಯಲ್ಲ. ಆ ಗಿರಾಕಿ ಆರು ತಿಂಗಳು ನಮ್ಮ ಅಂಗಡಿಯನ್ನು ಬಿಟ್ಟಿದ್ದರು.

ಊರಿಗೆಲ್ಲ ಚೀಟಿ ಓದುತ್ತಿದ್ದ ನನ್ನ ಮನೆಗೂ 2016ರಲ್ಲಿ ಈ ಮಾತು ಬಂದಿತು. ಆಗ ನನಗೆ ಐವತ್ತಾರು. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಗಿತ್ತು. ಈ ಕಾಯಿಲೆಯುಳ್ಳ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎಂದಾದರೊಮ್ಮೆ ಇದು ಬರುವುದೆಂದು ನಾನು ಪುಸ್ತಕದಲ್ಲಿ ಓದಿದ್ದೆ. ಓದಿದ್ದವನಿಗೂ ರಾತ್ರಿಯಲ್ಲಿ ಗೋಡೆಯ ಕಡೆಗೆ ತಿರುಗಿ ಮಲಗಬೇಕೆಂದೇ ತೋರುತ್ತದೆ. ಮೂರನೆಯ ವಾರ ನಾನು ನನ್ನ ಹೆಂಡತಿಗೆ ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಷ್ಟೇಯೇ? ನನಗೆ ವಯಸ್ಸಾಯಿತು, ನಿಮಗೆ ಬೇಡವಾದೆ ಎಂದುಕೊಂಡಿದ್ದೆ” ಎಂದಳು. ಗಂಡಸು ತನ್ನ ಮಾನ ಉಳಿಯಲೆಂದು ಬಾಯಿ ಕಟ್ಟಿಕೊಂಡಿರುವಾಗ, ಪಕ್ಕದಲ್ಲಿ ಮಲಗಿದವಳು ಆ ಮೌನಕ್ಕೆ ತನ್ನದೇ ಒಂದು ಅರ್ಥವನ್ನು ಕಟ್ಟಿಕೊಂಡಿರುತ್ತಾಳೆಂಬುದು ನನ್ನ ಪುಸ್ತಕಗಳಲ್ಲಿ ಇರಲಿಲ್ಲ. ವೈದ್ಯರಲ್ಲಿಗೆ ಇಬ್ಬರೂ ಹೋದೆವು. ಮೂರು ತಿಂಗಳ ಸಕ್ಕರೆಯ ಸರಾಸರಿ, ಕೊಬ್ಬು, ಬೆಳಗಿನ ವೇಳೆಯ ಟೆಸ್ಟೊಸ್ಟೆರೋನ್, ಹೃದಯದ ಪರೀಕ್ಷೆ ಇಷ್ಟೂ ಆದವು. ಹೃದಯ ಸರಿಯಾಗಿತ್ತು, ಸಕ್ಕರೆ ಮಿತಿಮೀರಿತ್ತು. ರಕ್ತದೊತ್ತಡಕ್ಕೆ ನಾನು ನುಂಗುತ್ತಿದ್ದ ಮಾತ್ರೆಯೂ ಈ ತೊಂದರೆಯನ್ನು ಹೆಚ್ಚಿಸುವ ಜಾತಿಯದಾದ್ದರಿಂದ ವೈದ್ಯರು ಅದನ್ನು ಬದಲಾಯಿಸಿದರು. ಇದನ್ನೋದಿ ಯಾರೂ ತಾವೇ ಮಾತ್ರೆ ನಿಲ್ಲಿಸಬಾರದು. ಒತ್ತಡ ಏರಿದರೆ ಮೆದುಳಿನ ನಾಳವೇ ಒಡೆದೀತು. ತುಂಗೆಯ ದಡದಲ್ಲಿ ದಿನಕ್ಕೆ ಮುಕ್ಕಾಲು ಗಂಟೆಯ ನಡಿಗೆ, ಅನ್ನ ಕಡಿಮೆ, ತೂಕ ಒಂದು ವರ್ಷದಲ್ಲಿ 9 ಕಿಲೋ ಇಳಿಯಿತು. ಹಿಂದಿನಂತೆ ಎಲ್ಲವೂ ಆಯಿತೆಂದು ಹೇಳಲಾರೆ. ಮುಕ್ಕಾಲು ಪಾಲು ಆಯಿತು. ಉಳಿದದ್ದಕ್ಕೆ ಆಗಾಗ ಅರ್ಧ ಮಾತ್ರೆ ಇದೆ.

ನಡಿಗೆಯ ಮಾತು ಅಜ್ಜಿಯ ಉಪದೇಶದಂತೆ ಕೇಳಿಸೀತು. ಆದರೆ ಇಟಲಿಯಲ್ಲಿ ಈ ತೊಂದರೆಯಿದ್ದ 110 ಮಂದಿ ಸ್ಥೂಲಕಾಯರನ್ನು ಎರಡು ವರ್ಷ ನೋಡಿ 2004ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಊಟವನ್ನು ತಿದ್ದಿ ವ್ಯಾಯಾಮ ಮಾಡಿದವರ ಪೈಕಿ ಸುಮಾರು ಮೂರರಲ್ಲೊಬ್ಬರು ಯಾವ ಮಾತ್ರೆಯೂ ಇಲ್ಲದೆ ಸರಿಹೋದರು. ಇಷ್ಟು ಅಗ್ಗದ ಮದ್ದನ್ನು ನನ್ನ ಅಂಗಡಿಯಲ್ಲಿ ನಾನು ಮಾರಲಿಲ್ಲ. ಮಾತ್ರೆಯ ವಿಷಯದಲ್ಲಿಯೂ ಜನಕ್ಕೆ ತಪ್ಪು ತಿಳಿವಳಿಕೆ ಬಹಳ. ಅದು ಬಯಕೆಯನ್ನು ಹುಟ್ಟಿಸುವುದಿಲ್ಲ. ಬಯಕೆಯಿದ್ದರೆ ತೂಬು ತೆರೆಯಲು ನೆರವಾಗುತ್ತದೆ, ಅಷ್ಟೇ. ಸಿಲ್ಡೆನಫಿಲನ್ನು ಒಂದು ಗಂಟೆ ಮುಂಚೆ ನುಂಗಬೇಕು. ಹೊಟ್ಟೆ ತುಂಬ ಹೋಳಿಗೆ ತುಪ್ಪ ಉಂಡ ಮೇಲೆ ನುಂಗಿದರೆ ಅದು ತಡವಾಗಿ, ಮಂದವಾಗಿ ಕೆಲಸ ಮಾಡುತ್ತದೆ. ಮೊದಲ ಸಲ ಫಲಿಸಲಿಲ್ಲವೆಂದು ಎಸೆಯುವುದೂ ಸರಿಯಲ್ಲ. ನಿಮಿರಿದ್ದು ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ಅದು ಹೆಮ್ಮೆಪಡುವ ಸಂಗತಿಯಲ್ಲ, ಆಸ್ಪತ್ರೆಗೆ ಓಡುವ ಸಂಗತಿ.

ಬಸ್‌ನಿಲ್ದಾಣಗಳ ಗೋಡೆಯ ಮೇಲೆ ‘ಗುಪ್ತರೋಗ’ವೆಂದು ಬರೆಯಿಸುವವರ ಮಾತನ್ನು ಬಿಡುವಂತಿಲ್ಲ. ಇಂತಹ ಜಾಹೀರಾತುಗಳನ್ನು ತಡೆಯಲೆಂದೇ 1954ರಲ್ಲಿ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯಿದೆ ಬಂದಿತು. ಅದರ ಪಟ್ಟಿಯಲ್ಲಿ ಪುರುಷರ ಈ ದೌರ್ಬಲ್ಯವೂ ಸೇರಿದೆ. ಕಾಯಿದೆಯೂ ಇದೆ, ಗೋಡೆಯ ಬರಹವೂ ಇದೆ. ನನಗೆ ಬಲು ಬೇಕಾದ ಮೇಷ್ಟರೊಬ್ಬರು ತಿಂಗಳಿಗೊಮ್ಮೆ ಲಾಡ್ಜಿಗೆ ಬಂದಿಳಿಯುತ್ತಿದ್ದ ಒಬ್ಬ ‘ವೈದ್ಯ’ನ ಕೈಗೆ 40 ಸಾವಿರ ರೂಪಾಯಿ ತೆತ್ತು, ಕಾಡಿನ ಬೇರಿನ ಪುಡಿಯೆಂಬ ಪೊಟ್ಟಣಗಳನ್ನು ತಂದಿದ್ದರು. ತಿಂದ ದಿನ ಮುಖ ಕೆಂಪಾಗುತ್ತದೆ, ತಲೆ ನೋಯುತ್ತದೆ, ಮೂಗು ಕಟ್ಟುತ್ತದೆ, ಆದರೆ ಗುಣ ಕಾಣುತ್ತದೆ ಎಂದರು. ಆ ಲಕ್ಷಣಗಳೆಲ್ಲ ಯಾವ ಮಾತ್ರೆಯವೆಂಬುದು ನನಗೆ ಗೊತ್ತು. ಬೇರಿನ ಪುಡಿಗಳಲ್ಲಿ ಸಿಲ್ಡೆನಫಿಲನ್ನು ಗುಟ್ಟಾಗಿ ಬೆರೆಸಿರುವುದು ದೇಶದೇಶಗಳಲ್ಲಿ ಪತ್ತೆಯಾಗಿದೆ. ಎಷ್ಟು ಬೆರೆಸಿದ್ದಾರೆಂಬುದು ಬೆರೆಸಿದವನಿಗೂ ತಿಳಿಯದು. ತಿನ್ನುವವನು ಎದೆನೋವಿನವನೋ ಅಲ್ಲವೋ ಎಂದು ಕೇಳುವ ಗೋಜೂ ಅವನಿಗಿಲ್ಲ. ಮೇಷ್ಟರು ಪೊಟ್ಟಣಗಳನ್ನು ನನ್ನ ಮುಂದೆಯೇ ಚರಂಡಿಗೆ ಸುರಿದರು. ದುಡ್ಡನ್ನು ಮಾತ್ರ ಯಾರೂ ಹಿಂದಕ್ಕೆ ಕೊಡಲಿಲ್ಲ.

“ಅರವತ್ತಾದ ಮೇಲೆ ಇದೆಲ್ಲ ಏಕೆ? ರಾಮಾ ಕೃಷ್ಣಾ ಎನ್ನಬಾರದೆ?” ಎಂದು ಕೇಳುವ ಹಿರಿಯರು ನಮ್ಮ ಸಂಘದಲ್ಲಿ ಇದ್ದಾರೆ. ಎನ್ನಬಹುದು, ಗಂಡಹೆಂಡಿರಿಬ್ಬರೂ ಒಪ್ಪಿ ಹಾಗೆ ನೆಮ್ಮದಿಯಾಗಿರುವವರು ಅನೇಕರುಂಟು, ಅವರಿಗೆ ಯಾವ ಮದ್ದೂ ಬೇಡ. ಆದರೆ ಯಯಾತಿಯ ಕಾಲದಿಂದಲೂ ಎಲ್ಲರೂ ಹಾಗೆ ಒಪ್ಪಿದವರಲ್ಲ. ಅವನು ಯೌವನವನ್ನು ತನ್ನ ಮಕ್ಕಳನ್ನು ಕೇಳಿದನು. ಇಂದಿನವರು ಔಷಧದ ಅಂಗಡಿಯವನ ಮಗನನ್ನು ಕೇಳುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 40ರಿಂದ 70ರ ವಯಸ್ಸಿನವರನ್ನು ವಿಚಾರಿಸಿ 1994ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನೂರಕ್ಕೆ 52 ಮಂದಿಗೆ ಅಲ್ಪವಾಗಿಯೋ ಅಧಿಕವಾಗಿಯೋ ಈ ತೊಂದರೆಯಿತ್ತು. ಮಾತ್ರೆ ಒಗ್ಗದವರಿಗೆ, ಫಲಿಸದವರಿಗೆ ಬೇರೆ ದಾರಿಗಳೂ ಇವೆ: ಅಂಗಕ್ಕೇ ಕೊಡುವ ಸಣ್ಣ ಸೂಜಿಮದ್ದು, ಗಾಳಿಯನ್ನು ಹೀರಿ ರಕ್ತವನ್ನು ಸೆಳೆಯುವ ಪಂಪು, ಕಡೆಗೆ ಶಸ್ತ್ರಚಿಕಿತ್ಸೆಯಿಂದ ಒಳಗಿಡುವ ಸಾಧನ. ಕಳೆದ ವರ್ಷ ನೀರಾವರಿ ಇಲಾಖೆಯಿಂದ ನಿವೃತ್ತರಾದ ಎಪ್ಪತ್ತೊಂದು ವಯಸ್ಸಿನವರೊಬ್ಬರು, ವೈದ್ಯರು ಬರೆದುಕೊಟ್ಟ ಪಂಪನ್ನು ತರಿಸಿಕೊಳ್ಳಲು ಹೆಂಡತಿಯೊಡನೆ ಅಂಗಡಿಗೆ ಬಂದರು. ಚೀಟಿಯನ್ನು ಅವರು ಮಡಿಸಿರಲಿಲ್ಲ. ಆಕೆ ಬೆಂಚಿನ ಮೇಲೆ ಕುಳಿತು, ಕನ್ನಡಕ ಹಾಕಿಕೊಂಡು ಸೂಚನೆಯ ಹಾಳೆಯನ್ನು ಆಮೂಲಾಗ್ರವಾಗಿ ಓದಿ, ಉಂಗುರವನ್ನು 30 ನಿಮಿಷಕ್ಕಿಂತ ಹೆಚ್ಚು ಇಡಬಾರದೆಂಬ ಸಾಲಿನ ಕೆಳಗೆ ಗೆರೆ ಎಳೆಯಲು ನನ್ನ ಮಗನ ಹತ್ತಿರ ಪೆನ್ನು ಕೇಳಿದರು.